ಪಾಸೂ ಅಲ್ಲ, ಫೇಲೂ ಅಲ್ಲ

1991ರ ಫೆಬ್ರವರಿ 25, ಸೌದಿ ಅರೇಬಿಯಾದ ಧಹ್ರಾನ್. ಕೊಲ್ಲಿ ಯುದ್ಧ ನಿಲ್ಲುವುದಕ್ಕೆ ಇನ್ನು ಮೂರೇ ದಿನ ಬಾಕಿ. ಆ ರಾತ್ರಿ ಇರಾಕ್ ಹಾರಿಸಿದ ಒಂದು ಸ್ಕಡ್ ಕ್ಷಿಪಣಿ ಅಮೆರಿಕದ ಸೈನಿಕರು ತಂಗಿದ್ದ ಬ್ಯಾರಕ್ ಮೇಲೆ ಬಿತ್ತು. 28 ಮಂದಿ ಸತ್ತರು. ಆ ಜಾಗವನ್ನು ಕಾಯುವುದಕ್ಕೆ ಅಂತಲೇ ಪೇಟ್ರಿಯಟ್ ಎಂಬ ಕ್ಷಿಪಣಿ ನಿರೋಧಕ ವ್ಯವಸ್ಥೆ ಅಲ್ಲಿತ್ತು. ಕೆಟ್ಟು ನಿಂತಿರಲಿಲ್ಲ, ಆನ್ ಆಗಿಯೇ ಇತ್ತು. ಆದರೆ ಅದು ಒಂದೇ ಒಂದು ಕ್ಷಿಪಣಿಯನ್ನೂ ಹಾರಿಸಲಿಲ್ಲ.

ಕಾರಣ ಕೇಳಿದರೆ ನಂಬುವುದು ಕಷ್ಟ. ಪೇಟ್ರಿಯಟ್ ಒಳಗಿನ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಸಮಯ ಎಣಿಸುತ್ತಿತ್ತು. ನಮ್ಮ ದಶಮಾಂಶ ಪದ್ಧತಿಯಲ್ಲಿ ಮೂರನೇ ಒಂದು ಭಾಗವನ್ನು ಬರೆಯಹೊರಟರೆ 0.333 ಅಂತ ಮುಗಿಯುವುದೇ ಇಲ್ಲವಲ್ಲ, ಹಾಗೆ ಕಂಪ್ಯೂಟರಿನ ಸೊನ್ನೆ-ಒಂದರ ಲೆಕ್ಕದಲ್ಲಿ ಹತ್ತನೇ ಒಂದು ಭಾಗ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಇಲ್ಲಿ 24 ಬಿಟ್‌ಗೆ ಕತ್ತರಿಸಿದ್ದರು. ಪ್ರತಿ ಎಣಿಕೆಯಲ್ಲೂ ತಪ್ಪುತ್ತಿದ್ದದ್ದು ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲು, ಅಷ್ಟೇ. ಆದರೆ ಆ ಯಂತ್ರ 100 ಗಂಟೆಗಳಿಂದ ಸತತವಾಗಿ ಓಡುತ್ತಿತ್ತು. ತಪ್ಪು ಬೆಳೆದು 0.34 ಸೆಕೆಂಡ್ ಆಗಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿಬಿಡುತ್ತದೆ. ರೇಡಾರ್ ಬೇರೆಲ್ಲೋ ಹುಡುಕಿತು, ಅಲ್ಲೇನೂ ಕಾಣಲಿಲ್ಲ, ಸುಮ್ಮನಾಯಿತು.

ಇಸ್ರೇಲಿನವರು ಎರಡು ವಾರ ಮೊದಲೇ, ಫೆಬ್ರವರಿ 11ರಂದೇ, ಗಂಟೆಗಟ್ಟಲೆ ಓಡಿಸಿದರೆ ಗುರಿ ತಪ್ಪುತ್ತಿದೆ ಎಂದು ತಿಳಿಸಿದ್ದರು. ಸರಿಪಡಿಸಿದ ಸಾಫ್ಟ್‌ವೇರ್ ಕೂಡ ತಯಾರಾಗಿ ಹೊರಟಿತ್ತು. ಧಹ್ರಾನ್ ತಲುಪಿದ್ದು ಫೆಬ್ರವರಿ 26ಕ್ಕೆ. ಒಂದು ದಿನ ತಡ. ಅಲ್ಲಿಯವರೆಗೂ ಒಂದು ಉಪಾಯವಂತೂ ಇತ್ತು. ಆಫ್ ಮಾಡಿ ಆನ್ ಮಾಡಿದ್ದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ನಮ್ಮ ಆಫೀಸಿನ ಐಟಿ ಸಪೋರ್ಟಿನವರು ದಿನಕ್ಕೆ ನಲವತ್ತು ಸಲ ಹೇಳುವ ಮಾತು. ಸೇನೆಯಿಂದ ‘ಬಹಳ ಹೊತ್ತು ಓಡಿಸಬೇಡಿ’ ಎಂಬ ಸೂಚನೆಯೂ ಹೋಗಿತ್ತು. ಬಹಳ ಹೊತ್ತು ಅಂದರೆ ಎಷ್ಟು ಹೊತ್ತು ಅಂತ ಮಾತ್ರ ಅದರಲ್ಲಿ ಇರಲಿಲ್ಲ.

ನಾನು ಬೆಂಗಳೂರಿನಲ್ಲಿ 11 ವರ್ಷದಿಂದ ಟೆಸ್ಟರ್. ಮದುವೆಮನೆಯಲ್ಲಿ ಯಾರಾದರೂ ಕೆಲಸ ಕೇಳಿದರೆ ‘ಸಾಫ್ಟ್‌ವೇರ್’ ಅಂತಷ್ಟೇ ಹೇಳ್ತೀನಿ. ಟೆಸ್ಟಿಂಗ್ ಅಂದುಬಿಟ್ಟರೆ ‘ಯಾಕೆ, ಕೋಡಿಂಗ್ ಬರಲ್ವಾ?’ ಅನ್ನೋ ಪ್ರಶ್ನೆ ಗ್ಯಾರಂಟಿ. ಈ ಧಹ್ರಾನ್ ಕತೆ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಟ್ರೈನಿಂಗ್‌ನ ಸ್ಲೈಡಿನಲ್ಲಿ. ಆಮೇಲೆ ಕುತೂಹಲಕ್ಕೆ ಓದುತ್ತಾ ಹೋದೆ. ಓದುತ್ತಾ ಹೋದಂತೆ ಇದು ಒಂದು ಬಗ್‌ನ ಕತೆಯಷ್ಟೇ ಅಲ್ಲ, ಒಂದು ದೇಶ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಆಡಿಕೊಂಡು ಬಂದ ದೊಡ್ಡ ಜಗಳದ ಒಂದು ಪುಟ ಅಂತ ಗೊತ್ತಾಯಿತು. ಜಗಳದ ವಿಷಯ: ಆಕಾಶದಿಂದ ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆದು ಇಡೀ ದೇಶವನ್ನು ಕಾಯುವ ಗುರಾಣಿ ಬೇಕೋ ಬೇಡವೋ?

ಮೊದಲ ನೋಟಕ್ಕೆ ಇದರಲ್ಲಿ ಜಗಳ ಆಡೋಕೆ ಏನಿದೆ ಅನ್ನಿಸುತ್ತೆ. ಗುರಾಣಿ ಯಾರಿಗೆ ಬೇಡ? 1967ರ ಜೂನಿನಲ್ಲಿ ಅಮೆರಿಕದ ಗ್ಲಾಸ್‌ಬರೋ ಎಂಬ ಊರಿನಲ್ಲಿ ಅಧ್ಯಕ್ಷ ಜಾನ್ಸನ್ ಮತ್ತು ಸೋವಿಯತ್ ಪ್ರಧಾನಿ ಕೊಸಿಗಿನ್ ಭೇಟಿಯಾದಾಗ, ಅಮೆರಿಕದ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರ ಇದೇ ವಿಷಯ ಎತ್ತಿದರು. ನೀವು ಕ್ಷಿಪಣಿ ತಡೆಯುವ ವ್ಯವಸ್ಥೆ ಕಟ್ಟಿದರೆ ಅದನ್ನು ದಾಟುವಷ್ಟು ಹೆಚ್ಚು ಕ್ಷಿಪಣಿಗಳನ್ನು ನಾವು ಮಾಡಬೇಕಾಗುತ್ತದೆ, ಆದ್ದರಿಂದ ಇಬ್ಬರೂ ಗುರಾಣಿ ಕಟ್ಟುವುದು ಬೇಡ ಎಂದರು. ಕೊಸಿಗಿನ್‌ಗೆ ಸಿಟ್ಟು ಬಂತು. ನನ್ನ ಜನರನ್ನು ಕಾಪಾಡಿಕೊಳ್ಳುವುದು ತಪ್ಪು, ನಿಮ್ಮ ಜನರನ್ನು ಕೊಲ್ಲುವ ಆಯುಧ ಮಾಡುವುದು ಸರಿ, ಇದ್ಯಾವ ನ್ಯಾಯ ಎಂಬುದು ಅವರ ವಾದ.

ಆದರೂ ಐದು ವರ್ಷದ ನಂತರ, 1972ರ ಮೇ 26ರಂದು, ಅದೇ ಸೋವಿಯತ್ ದೇಶ ಮಾಸ್ಕೋದಲ್ಲಿ ನಿಕ್ಸನ್ ಜೊತೆ ಎಬಿಎಂ ಒಪ್ಪಂದಕ್ಕೆ ಸಹಿ ಹಾಕಿತು. ಕ್ಷಿಪಣಿ ನಿರೋಧಕ ವ್ಯವಸ್ಥೆಯನ್ನು ಎರಡೇ ಜಾಗಗಳಲ್ಲಿ ಇಡಬಹುದು ಅಂತ ಮೊದಲು, ಒಂದೇ ಜಾಗ ಅಂತ ಆಮೇಲೆ. ಅಂದರೆ ಎರಡು ಬಲಾಢ್ಯ ದೇಶಗಳು ಪರಸ್ಪರರ ಎದುರು ಎದೆ ತೆರೆದುಕೊಂಡು ಇರುತ್ತೇವೆಂದು ಬರೆದುಕೊಟ್ಟವು. ಯಾಕೆಂದರೆ ಬಾಣ ಅಗ್ಗ, ಗುರಾಣಿ ದುಬಾರಿ. ಅಷ್ಟೇ ಅಲ್ಲ, ಗುರಾಣಿ ಹಿಡಿದವನಿಗೆ ‘ಮೊದಲು ನಾನೇ ಹೊಡೆದರೆ ಹೇಗೆ’ ಅನ್ನೋ ಯೋಚನೆ ಬರಬಹುದು. ಅವನಿಗೆ ಬರದಿದ್ದರೂ, ಬಂದೀತು ಅಂತ ಎದುರಿನವನಿಗೆ ಅನ್ನಿಸಿದರೆ ಸಾಕು. ಒಪ್ಪಂದದ ಪ್ರಕಾರ ಅಮೆರಿಕ ನಾರ್ತ್ ಡಕೋಟದಲ್ಲಿ ಒಂದು ವ್ಯವಸ್ಥೆ ಕಟ್ಟಿತು. 1975ರ ಅಕ್ಟೋಬರ್ 1ಕ್ಕೆ ಅದು ಪೂರ್ತಿ ಸಜ್ಜಾಯಿತು. ಮರುದಿನವೇ ಸಂಸತ್ತಿನ ಕೆಳಮನೆ ಅದನ್ನು ಮುಚ್ಚಲು ಮತ ಹಾಕಿತು! ಪಿರಮಿಡ್ಡಿನಂಥ ಅದರ ರೇಡಾರ್ ಕಟ್ಟಡ ಈಗಲೂ ಆ ಬಯಲಿನಲ್ಲಿ ನಿಂತಿದೆ.

ನಂತರ ಬಂದವರು ರೇಗನ್. 1983ರ ಮಾರ್ಚ್ 23ರಂದು ಟಿವಿಯಲ್ಲಿ ಮಾತಾಡುತ್ತಾ, ಅಣ್ವಸ್ತ್ರಗಳನ್ನೇ ಕೆಲಸಕ್ಕೆ ಬಾರದಂತೆ ಮಾಡುವ ದಾರಿ ಹುಡುಕಿ ಎಂದು ವಿಜ್ಞಾನಿಗಳಿಗೆ ಕರೆ ಕೊಟ್ಟರು. ವಿರೋಧಿಗಳು ಅದಕ್ಕೆ ‘ಸ್ಟಾರ್ ವಾರ್ಸ್’ ಅಂತ ಹೆಸರಿಟ್ಟು ನಕ್ಕರು. ನನಗೆ ನಗು ಬರುವುದಿಲ್ಲ. ಸತ್ತ ಮೇಲೆ ಸೇಡು ತೀರಿಸಿಕೊಳ್ಳುವುದಕ್ಕಿಂತ ಸಾಯದಂತೆ ನೋಡಿಕೊಳ್ಳುವುದು ಮೇಲಲ್ಲವೇ ಎಂಬ ರೇಗನ್ ಪ್ರಶ್ನೆಗೆ ‘ಅಲ್ಲ’ ಎನ್ನುವುದು ಸುಲಭವಲ್ಲ. ಕೊಸಿಗಿನ್ ಕೇಳಿದ್ದೂ ಅದನ್ನೇ ತಾನೇ.

ಈ ಕತೆಯಲ್ಲಿ ನನಗೆ ಅತ್ಯಂತ ಇಷ್ಟವಾದ ವ್ಯಕ್ತಿ ರೇಗನ್ನೂ ಅಲ್ಲ, ಕೊಸಿಗಿನ್ನೂ ಅಲ್ಲ. ಡೇವಿಡ್ ಪಾರ್ನಾಸ್ ಎಂಬ ಸಾಫ್ಟ್‌ವೇರ್ ಪ್ರೊಫೆಸರ್. ದೊಡ್ಡ ಪ್ರೋಗ್ರಾಮನ್ನು ಹೇಗೆ ಭಾಗ ಮಾಡಿ ಬರೆಯಬೇಕು ಅಂತ ಕಾಲೇಜಿನಲ್ಲಿ ಓದಿದ ಪಾಠದ ಹಿಂದೆ ಇರುವುದು ಇವರೇ. ರೇಗನ್ ಯೋಜನೆಯ ಕಂಪ್ಯೂಟಿಂಗ್ ಸಮಿತಿಗೆ 1985ರಲ್ಲಿ ಇವರನ್ನು ಕರೆದರು. ದಿನಕ್ಕೆ 1000 ಡಾಲರ್ ಸಂಭಾವನೆ, ಆ ಕಾಲದಲ್ಲಿ! ಅವರೇನು ಶಾಂತಿ ಮೆರವಣಿಗೆಯವರಲ್ಲ, ಅಮೆರಿಕದ ನೌಕಾಪಡೆಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಸಮಿತಿಗೆ ಸೇರಿದ ಕೆಲವೇ ವಾರಗಳಲ್ಲಿ ರಾಜೀನಾಮೆ ಕೊಟ್ಟರು. ಜೊತೆಗೆ ಎಂಟು ಪುಟ್ಟ ಪ್ರಬಂಧಗಳನ್ನು ಬರೆದರು.

ಅವುಗಳ ಸಾರ ಯಾವ ಟೆಸ್ಟರಿಗಾದರೂ ಅರ್ಥವಾಗುವಂಥದ್ದು. ಶತ್ರು ಏನನ್ನು ಎಸೆಯುತ್ತಾನೆ ಅಂತ ಮೊದಲೇ ಗೊತ್ತಿಲ್ಲ, ಹಾಗಾಗಿ ರಿಕ್ವೈರ್‌ಮೆಂಟೇ ಪೂರ್ತಿ ಇಲ್ಲ. ನಿಜವಾದ ಅಣುಯುದ್ಧ ನಡೆಸಿ ಪರೀಕ್ಷೆ ಮಾಡಲಾಗುವುದಿಲ್ಲ. ಯುದ್ಧ ಶುರುವಾದರೆ ಮುಗಿಯಲು ಒಂದು ಗಂಟೆ ಸಾಕು, ಅಷ್ಟರಲ್ಲಿ ಬಗ್ ಹುಡುಕಿ ಪ್ಯಾಚ್ ಹಾಕಲಾಗುವುದಿಲ್ಲ. ದೊಡ್ಡ ಸಾಫ್ಟ್‌ವೇರ್ ಯಾವುದೂ ಮೊದಲ ಬಳಕೆಯಲ್ಲೇ ಸರಿಯಾಗಿ ನಡೆದದ್ದಿಲ್ಲ, ಇದು ಮೊದಲ ಬಳಕೆಯಲ್ಲೇ ನಡೆಯಬೇಕು. ಸಮಿತಿಯ ಕೆಲವರು ಒಳಗೊಳಗೇ ಇದನ್ನು ಒಪ್ಪಿದ್ದರಂತೆ. ಆದರೂ ಸಂಶೋಧನೆಗೆ ದುಡ್ಡು ಬರುತ್ತದಲ್ಲ, ಬರಲಿ ಬಿಡಿ ಎಂಬುದು ಅವರ ನಿಲುವು. ಪಾರ್ನಾಸ್ ಅದನ್ನು ಒಪ್ಪಲಿಲ್ಲ.

ನಮ್ಮ ಎಕ್ಸೆಲ್ ಶೀಟಿನಲ್ಲಿ ಸ್ಟೇಟಸ್ ಅಂತ ಒಂದು ಕಾಲಮ್ ಇರುತ್ತದೆ. ಪಾಸ್ ಅಂತ ಬರೀಬಹುದು, ಫೇಲ್ ಅಂತ ಬರೀಬಹುದು. ಇನ್ನೊಂದು ಪದವೂ ಇದೆ, ‘ನಾಟ್ ರನ್’. ಪರೀಕ್ಷೆ ನಡೆಸಿಯೇ ಇಲ್ಲ ಅಂತ ಅರ್ಥ. ಟೆಸ್ಟರ್ ಬರೆಯುವ ಅತ್ಯಂತ ಪ್ರಾಮಾಣಿಕ ಪದ ಅದು, ಮ್ಯಾನೇಜರ್‌ಗಳಿಗೆ ಅತ್ಯಂತ ಇಷ್ಟವಿಲ್ಲದ ಪದವೂ ಅದೇ. ರಿಲೀಸ್ ಹಿಂದಿನ ರಾತ್ರಿ ‘ಫೇಲ್ ಏನಿಲ್ವಲ್ಲ? ಹಾಗಾದ್ರೆ ಓಕೆ’ ಅನ್ನೋ ಮಾತು ಎಷ್ಟು ಸಲ ಕೇಳಿದೀನೋ. ಫೇಲ್ ಆಗಿಲ್ಲ ಅಂದರೆ ಪಾಸ್ ಆಗಿದೆ ಅಂತಲ್ಲ ಸ್ವಾಮಿ. ಪಾರ್ನಾಸ್ ಮಾಡಿದ್ದು ಇಷ್ಟೇ: ಇಡೀ ದೇಶದ ಶೀಟಿನಲ್ಲಿ ‘ನಾಟ್ ರನ್’ ಅಂತ ಬರೆದು, ಇದನ್ನು ಎಂದಿಗೂ ರನ್ ಮಾಡಲಾಗದು ಎಂದೂ ಸೇರಿಸಿ, ಎದ್ದು ಬಂದರು.

ಪರೀಕ್ಷೆಯಾಗದ ವಸ್ತುವಿಗೂ ಬೆಲೆ ತೆರಬೇಕಾಗುತ್ತದೆ. 1986ರ ಅಕ್ಟೋಬರಿನಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ರೇಗನ್ ಮತ್ತು ಗೋರ್ಬಚೆವ್ ಎಲ್ಲ ಅಣ್ವಸ್ತ್ರಗಳನ್ನೂ ಬಿಟ್ಟುಬಿಡುವ ಮಾತಿನ ಹತ್ತಿರಕ್ಕೆ ಬಂದಿದ್ದರು. ಮುರಿದುಬಿದ್ದದ್ದು ಯಾವುದಕ್ಕೆ? ಸ್ಟಾರ್ ವಾರ್ಸ್ ಸಂಶೋಧನೆ ಪ್ರಯೋಗಾಲಯದ ಒಳಗಷ್ಟೇ ಇರಬೇಕು ಎಂದರು ಗೋರ್ಬಚೆವ್, ರೇಗನ್ ಒಪ್ಪಲಿಲ್ಲ. ಇನ್ನೂ ಹುಟ್ಟಿರದ ಗುರಾಣಿಗಾಗಿ ಕೈಗೆ ಬಂದಿದ್ದ ಮಾತುಕತೆ ಹೋಯಿತು. ಏಳು ವರ್ಷಗಳ ನಂತರ, 1993ರಲ್ಲಿ, ಯೋಜನೆಯ ಕಚೇರಿಯ ಬೋರ್ಡನ್ನೂ ಬದಲಾಯಿಸಿದರು.

ಧಹ್ರಾನ್‌ಗೆ ಹತ್ತು ದಿನ ಮೊದಲು ಅಧ್ಯಕ್ಷ ಬುಷ್, ಅಂದರೆ ತಂದೆ ಬುಷ್, ಪೇಟ್ರಿಯಟ್ ತಯಾರಾಗುವ ಕಾರ್ಖಾನೆಗೆ ಹೋಗಿ 42 ಸ್ಕಡ್‌ಗಳಲ್ಲಿ 41ನ್ನು ಹೊಡೆದಿದ್ದೇವೆ ಎಂದಿದ್ದರು. ಯುದ್ಧ ಮುಗಿದ ಮೇಲೆ ಸೇನೆಯೇ ಆ ಅಂಕಿಯನ್ನು ಇಳಿಸುತ್ತಾ ಬಂತು. ಅಮೆರಿಕದ ಸಂಸತ್ತಿಗೆ ವರದಿ ಮಾಡುವ ಲೆಕ್ಕ ತನಿಖಾ ಸಂಸ್ಥೆ ಕೂತು ನೋಡಿದಾಗ, ಸಿಡಿತಲೆ ನಾಶವಾಯಿತು ಎನ್ನುವುದಕ್ಕೆ ಬಲವಾದ ಸಾಕ್ಷಿ ಸಿಕ್ಕಿದ್ದು ಸುಮಾರು 9 ಶೇಕಡಾ ಪ್ರಕರಣಗಳಲ್ಲಿ ಮಾತ್ರ. ಉಳಿದದ್ದೆಲ್ಲ ಫೇಲ್ ಅಂತಲ್ಲ. ಪಾಸ್ ಎನ್ನಲು ಆಧಾರ ಇಲ್ಲ, ಅಷ್ಟೇ.

1998ರಲ್ಲಿ ಉತ್ತರ ಕೊರಿಯಾ ಜಪಾನಿನ ಮೇಲಿಂದ ಒಂದು ರಾಕೆಟ್ ಹಾರಿಸಿತು. ಅಲ್ಲಿಂದ ವಾದದ ಬಣ್ಣ ಬದಲಾಯಿತು. ರಷ್ಯಾದ ಸಾವಿರಾರು ಸಿಡಿತಲೆಗಳು ಬೇಡ, ಒಂದೋ ಎರಡೋ ಕ್ಷಿಪಣಿ ಇರುವ ಹುಚ್ಚು ಸರ್ವಾಧಿಕಾರಿಯನ್ನಾದರೂ ತಡೆಯೋಣ ಎಂದರು. ಇದು ನನಗೂ ನ್ಯಾಯವಾದ ಮಾತೇ ಅನ್ನಿಸುತ್ತದೆ. ಕ್ಲಿಂಟನ್ 2000ದ ಸೆಪ್ಟೆಂಬರಿನಲ್ಲಿ ತಂತ್ರಜ್ಞಾನ ಇನ್ನೂ ಸಿದ್ಧವಾಗಿಲ್ಲ ಎಂದು ತೀರ್ಮಾನವನ್ನು ಮುಂದಿನವರಿಗೆ ಬಿಟ್ಟರು. ಮಗ ಬುಷ್ ಬಂದವರೇ ಎಬಿಎಂ ಒಪ್ಪಂದದಿಂದ ಹೊರಬಂದರು, 2002ರ ಜೂನಿನಲ್ಲಿ. 2004ರಿಂದ ಅಲಾಸ್ಕ ಮತ್ತು ಕ್ಯಾಲಿಫೋರ್ನಿಯದಲ್ಲಿ ತಡೆ-ಕ್ಷಿಪಣಿಗಳು ನೆಲದೊಳಗೆ ಕೂತವು. ಈಗ 44 ಇವೆ. 1999ರಿಂದ ಮಾಡಿದ ಪರೀಕ್ಷೆಗಳಲ್ಲಿ ಗುರಿ ಮುಟ್ಟಿದ್ದು ಸರಿಸುಮಾರು ಅರ್ಧ. ಅದೂ ಮೊದಲೇ ಬರೆದಿಟ್ಟ ಸ್ಕ್ರಿಪ್ಟಿನ ಪ್ರಕಾರ ನಡೆದ ಪರೀಕ್ಷೆಗಳು. ಯಾವಾಗ, ಎಲ್ಲಿಂದ ಬರುತ್ತದೆ ಅಂತ ಸುಮಾರಾಗಿ ಗೊತ್ತಿದ್ದು ಮಾಡಿದ್ದು.

ಕಷ್ಟ ಎಲ್ಲಿದೆ ಅಂದರೆ, ಖಂಡಾಂತರ ಕ್ಷಿಪಣಿಯ ಸಿಡಿತಲೆ ಹೆಚ್ಚಿನ ಹೊತ್ತು ಹಾರುವುದು ಗಾಳಿಯೇ ಇಲ್ಲದ ಎತ್ತರದಲ್ಲಿ. ಅಲ್ಲಿ ಕಲ್ಲೂ ಒಂದೇ, ಬಲೂನೂ ಒಂದೇ, ಎರಡೂ ಒಂದೇ ವೇಗದಲ್ಲಿ ಹೋಗುತ್ತವೆ. ಸಿಡಿತಲೆಯ ಜೊತೆ ಹತ್ತು ಬಲೂನು ಬಿಟ್ಟರೆ ಯಾವುದನ್ನು ಹೊಡೆಯುವುದು? ಸೆಕೆಂಡಿಗೆ ಏಳು ಕಿಲೋಮೀಟರ್ ವೇಗದಲ್ಲಿ ಬರುವುದಕ್ಕೆ ಡಿಕ್ಕಿ ಹೊಡೆಯುವುದು ಒಂದು ಕಷ್ಟವಾದರೆ, ಡಿಕ್ಕಿ ಹೊಡೆಯಬೇಕಾದದ್ದು ಯಾವುದಕ್ಕೆ ಅಂತ ತಿಳಿಯುವುದು ಅದಕ್ಕಿಂತ ದೊಡ್ಡ ಕಷ್ಟ.

ಊಟದ ಹೊತ್ತಲ್ಲಿ ಇದನ್ನೆಲ್ಲ ಹೇಳಿದರೆ ನನ್ನ ಟೀಮಿನ ಹುಡುಗನೊಬ್ಬ ಕೇಳಿದ. “ಅಲ್ಲಾ, ಇಸ್ರೇಲಿನ ಐರನ್ ಡೋಮ್ ನೂರಕ್ಕೆ ತೊಂಬತ್ತು ಹೊಡೆಯುತ್ತೆ ಅಂತಾರಲ್ಲ. ತೊಂಬತ್ತು ಪರ್ಸೆಂಟ್ ಬಂದ್ರೆ ಡಿಸ್ಟಿಂಕ್ಷನ್ ಅಲ್ವಾ?”

ಐರನ್ ಡೋಮ್ ತಡೆಯುವುದು ಕೆಲವೇ ಹತ್ತು ಕಿಲೋಮೀಟರ್ ದೂರದಿಂದ ಬರುವ ರಾಕೆಟ್ಟುಗಳನ್ನು. ಹತ್ತರಲ್ಲಿ ಒಂಬತ್ತು ತಡೆದರೆ ಒಂಬತ್ತು ಬೀದಿಗಳ ಜನ ಉಳಿದರು, ದೊಡ್ಡ ಗೆಲುವೇ. ಅದು ದಿನವೂ ಕೆಲಸ ಮಾಡುತ್ತದೆ, ದಿನವೂ ಕಲಿಯುತ್ತದೆ. ಅಂದರೆ ಅದಕ್ಕೆ ಪ್ರತಿ ದಿನವೂ ಟೆಸ್ಟ್. ಅಣುಬಾಂಬಿನ ವಿಷಯಕ್ಕೆ ಬಂದರೆ ಹತ್ತರಲ್ಲಿ ತಪ್ಪಿದ ಒಂದು ಅಂದರೆ ಒಂದು ಊರು. ಒಂದೇ ಶೇಕಡಾ ಲೆಕ್ಕ, ಒಂದು ಕಡೆ ರಕ್ಷಣೆ, ಇನ್ನೊಂದು ಕಡೆ ಸರ್ವನಾಶ.

“ಹಂಗಂತ ಏನೂ ಮಾಡ್ದೇ ಕೂತ್ಕೋಬೇಕಾ?” ಅಂದ. ಒಳ್ಳೆಯ ಪ್ರಶ್ನೆ. ಏನೂ ಮಾಡದೆ ಕೂರಬೇಕಿಲ್ಲ. ಆದರೆ ಗುರಾಣಿ ಕಟ್ಟುವಾಗ ಎದುರಿನವನು ಸುಮ್ಮನೆ ಕೂರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2018ರ ಮಾರ್ಚ್ 1ರಂದು ಪುಟಿನ್ ತಮ್ಮ ಸಂಸತ್ತಿನ ಮುಂದೆ ಹೊಸ ಹೊಸ ಅಣ್ವಸ್ತ್ರ ವಾಹಕಗಳ ವಿಡಿಯೋ ತೋರಿಸಿದರು. ಅಮೆರಿಕ ಎಬಿಎಂ ಒಪ್ಪಂದ ಬಿಟ್ಟಿತು, ಅದಕ್ಕೆ ನಮ್ಮ ಉತ್ತರ ಇದು ಎಂದರು. ಉತ್ತರ ಕೊರಿಯಾದ ಎರಡು ಕ್ಷಿಪಣಿಗೆಂದು ಕಟ್ಟಿದ ಗುರಾಣಿಗೆ ರಷ್ಯಾದಿಂದ ಬಂದ ಉತ್ತರ.

ಈಗ ಮತ್ತೆ ಅದೇ ಕತೆ, ಹೊಸ ಹೆಸರಿನಲ್ಲಿ. 2025ರ ಮೇ 20ರಂದು ಟ್ರಂಪ್ ‘ಗೋಲ್ಡನ್ ಡೋಮ್’ ಪ್ರಕಟಿಸಿದರು. ಬಾಹ್ಯಾಕಾಶದಲ್ಲೂ ತಡೆ-ಕ್ಷಿಪಣಿಗಳು, 175 ಶತಕೋಟಿ ಡಾಲರ್, ಸುಮಾರು ಮೂರು ವರ್ಷದಲ್ಲಿ ಸಿದ್ಧ, ಯಶಸ್ಸು ನೂರಕ್ಕೆ ನೂರರ ಹತ್ತಿರ. ಅಮೆರಿಕ ಸಂಸತ್ತಿನ ಬಜೆಟ್ ಕಚೇರಿಯ ಲೆಕ್ಕದ ಪ್ರಕಾರ, ಒಂದೆರಡು ಕ್ಷಿಪಣಿಯನ್ನು ತಡೆಯಬಲ್ಲ ಬಾಹ್ಯಾಕಾಶದ ಭಾಗವೊಂದಕ್ಕೇ 20 ವರ್ಷದಲ್ಲಿ 161ರಿಂದ 542 ಶತಕೋಟಿ ಡಾಲರ್ ಆಗಬಹುದು.

ದುಡ್ಡಿನ ಸುದ್ದಿಗಿಂತ ನನ್ನನ್ನು ಕಾಡಿದ್ದು ಅದಾದ ಎಂಟು ದಿನಕ್ಕೆ ಬಂದ ಇನ್ನೊಂದು ಸುದ್ದಿ. ಪೆಂಟಗನ್‌ನಲ್ಲಿ ಟೆಸ್ಟಿಂಗ್‌ಗೆ ಅಂತಲೇ ಒಂದು ಸ್ವತಂತ್ರ ಕಚೇರಿ ಇದೆ. ಆಯುಧ ಮಾಡುವವರೇ ಅದಕ್ಕೆ ಸರ್ಟಿಫಿಕೇಟ್ ಕೊಟ್ಟುಕೊಳ್ಳಬಾರದು ಎಂದು ಅಲ್ಲಿನ ಸಂಸತ್ತು 1983ರಲ್ಲಿ ಕಾನೂನು ಮಾಡಿ ಹುಟ್ಟುಹಾಕಿದ್ದು. ಹೌದು, ಸ್ಟಾರ್ ವಾರ್ಸ್ ಭಾಷಣದ ವರ್ಷವೇ. 2025ರ ಮೇ 28ರಂದು ರಕ್ಷಣಾ ಕಾರ್ಯದರ್ಶಿ ಹೆಗ್ಸೆತ್ ಆ ಕಚೇರಿಯನ್ನು 30 ನಾಗರಿಕ ಸಿಬ್ಬಂದಿ, 15 ಸೈನಿಕ ಸಿಬ್ಬಂದಿ, ಒಬ್ಬ ಹಿರಿಯ ಅಧಿಕಾರಿಗೆ ಇಳಿಸಿದರು. ಕೊಟ್ಟ ಕಾರಣ, ಅನಗತ್ಯ ಕೆಲಸ ತಪ್ಪಿಸಿ ಖರ್ಚು ಉಳಿಸುವುದು. ಇತಿಹಾಸದ ಅತಿ ದೊಡ್ಡ, ಅತಿ ಪರೀಕ್ಷೆ ಬೇಕಾದ ಆಯುಧ ವ್ಯವಸ್ಥೆ ಶುರುವಾದ ತಿಂಗಳಲ್ಲೇ ಟೆಸ್ಟರ್‌ಗಳಿಗೆ ಕತ್ತರಿ.

ಆ ಸುದ್ದಿ ಓದಿದಾಗ ನಗು ಬಂತು, ಆಮೇಲೆ ಬರಲಿಲ್ಲ. ಅದಕ್ಕೆ ಮೊದಲಿನ ವರ್ಷವೇ ನಮ್ಮ ಕಂಪನಿಯಲ್ಲಿ 12 ಜನ ಇದ್ದ ಟೆಸ್ಟಿಂಗ್ ಟೀಮನ್ನು ನಾಲ್ಕಕ್ಕೆ ಇಳಿಸಿದ್ದರು. ಡೆವಲಪರ್‌ಗಳೇ ಟೆಸ್ಟ್ ಮಾಡ್ಕೋತಾರೆ ಅಂದರು. ಆ ವಾರ ಯಾವ ಬಗ್ಗೂ ಬರಲಿಲ್ಲ. ಅದನ್ನೇ ಮೀಟಿಂಗ್‌ನಲ್ಲಿ ತೋರಿಸಿ ಚಪ್ಪಾಳೆ ಹೊಡೆದರು. ಹುಡುಕುವವರನ್ನೇ ಕಳಿಸಿದ ಮೇಲೆ ಬಗ್ ಸಿಗುವುದಾದರೂ ಹೇಗೆ? ನಮ್ಮಲ್ಲಾದರೆ ಯಾರಿಗೋ ರೀಫಂಡ್ ಎರಡು ದಿನ ತಡವಾದೀತು.

ಇದೆಲ್ಲ ಅಮೆರಿಕದ ಮಾತು, ನಮಗ್ಯಾಕೆ ಅನ್ನಬಹುದು. 2006ರ ನವೆಂಬರ್ 27ರಂದೇ ಭಾರತ ಕ್ಷಿಪಣಿಯಿಂದ ಕ್ಷಿಪಣಿಯನ್ನು ಹೊಡೆಯುವ ಮೊದಲ ಪ್ರಯೋಗ ಮಾಡಿತು. ಅದರ ರೇಡಾರ್ ಕೆಲಸ ನಡೆದದ್ದು ನಮ್ಮ ಬೆಂಗಳೂರಿನ ಸಿ.ವಿ. ರಾಮನ್ ನಗರದ ಪ್ರಯೋಗಾಲಯದಲ್ಲಿ. 2025ರ ಆಗಸ್ಟ್ 15ರಂದು ಪ್ರಧಾನಿ ಮೋದಿ ಕೆಂಪುಕೋಟೆಯಿಂದ ‘ಮಿಷನ್ ಸುದರ್ಶನ ಚಕ್ರ’ ಪ್ರಕಟಿಸಿದರು. 2035ರ ಹೊತ್ತಿಗೆ ದೇಶದ ಮುಖ್ಯ ಸ್ಥಳಗಳಿಗೆಲ್ಲ ರಕ್ಷಣಾ ಕವಚ. ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಅಂದು ಬರೀ ಚಪ್ಪಾಳೆ. ಎಷ್ಟು ಖರ್ಚು, ಯಾವುದನ್ನು ತಡೆಯುತ್ತೆ, ಯಾವುದನ್ನು ತಡೆಯಲ್ಲ, ನೆರೆಯವರು ಏನು ಮಾಡ್ತಾರೆ, ಪರೀಕ್ಷೆ ಯಾರು ಮಾಡ್ತಾರೆ? ನನ್ನ ಯಾವ ಗ್ರೂಪಿನಲ್ಲೂ ಒಬ್ಬರೂ ಕೇಳಲಿಲ್ಲ.

ನಾನು ಕೇಳಿದೆ. ಹಿಂದೆ ನಮ್ಮ ಜೊತೆ ಕೆಲಸ ಮಾಡಿ ಈಗ ತನ್ನೂರು ಅಮೃತಸರಕ್ಕೆ ಮರಳಿರುವ ಗೆಳೆಯನೊಬ್ಬ ಆ ಗ್ರೂಪಿನಲ್ಲಿದ್ದಾನೆ. ಮೇ ತಿಂಗಳಿನ ಆ ರಾತ್ರಿಗಳಲ್ಲಿ ಊರಿಗೆ ಊರೇ ದೀಪ ಆರಿಸಿ ಕೂತಿದ್ದಾಗ ಅವನು ಎರಡು ವರ್ಷದ ಮಗಳನ್ನು ಮೆಟ್ಟಿಲ ಕೆಳಗೆ ಮಲಗಿಸಿಕೊಂಡಿದ್ದ. ಫೋನ್ ಮಾಡಿ ಹೇಳಿದ, “ಬೆಂಗಳೂರಲ್ಲಿ ಕೂತು ಕ್ವಾಲಿಟಿ ಮಾತಾಡೋದು ಸುಲಭ. ಮೇಲೆ ಏನೋ ಸದ್ದಾದಾಗ ನಮ್ಮದೂ ಒಂದು ಮೇಲಿದೆ ಅನ್ನೋದೇ ಧೈರ್ಯ.” ಅವನ ಮಾತನ್ನು ತಳ್ಳಿಹಾಕುವ ಹಕ್ಕು ನನಗಿಲ್ಲ. ಆ ಕತ್ತಲಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಆದರೆ ಧೈರ್ಯ ನಂಬಿಕೆಯಾಗಿ, ನಂಬಿಕೆ ನೀತಿಯಾಗುವ ಹೊತ್ತಿಗೆ ಯಾರೋ ಒಬ್ಬರು ಶೀಟನ್ನು ನೋಡಿರಬೇಕು. ನಮ್ಮಲ್ಲೂ ಆ ಕೆಲಸ ನಡೆದದ್ದುಂಟು. ಆಕಾಶ್ ಕ್ಷಿಪಣಿಗಳಲ್ಲಿ 2014ರಲ್ಲಿ ಪರೀಕ್ಷೆಗೆ ಹಾರಿಸಿದ 20ರಲ್ಲಿ 6 ವಿಫಲವಾದವು ಎಂದು ಸಿಎಜಿ 2017ರಲ್ಲಿ ವರದಿ ಕೊಟ್ಟಿತು. ಅದನ್ನು ದೇಶದ್ರೋಹ ಅಂದವರಿದ್ದರು. ನನಗೆ ಅದು ದೇಶದ ಕೆಲಸ ಅನ್ನಿಸಿತು. ಧಹ್ರಾನ್‌ನ 0.34 ಸೆಕೆಂಡ್ ಬೆಂಗಳೂರಿನ ಒಬ್ಬ ಟೆಸ್ಟರ್‌ಗೆ ಗೊತ್ತಾದದ್ದೂ ಅಮೆರಿಕದ ಲೆಕ್ಕ ತನಿಖೆಯವರು ತಮ್ಮದೇ ಸೇನೆಯ ತಪ್ಪನ್ನು ಬರೆದು ಎಲ್ಲರೂ ಓದುವಂತೆ ಇಟ್ಟದ್ದರಿಂದ.

ಸುದರ್ಶನ ಚಕ್ರಕ್ಕೆ ಇನ್ನು ಹತ್ತು ವರ್ಷ ಇದೆ. ಕಟ್ಟುವ ಎಂಜಿನಿಯರ್‌ಗಳಲ್ಲಿ ಈ ಊರಿನವರು ಬೇಕಾದಷ್ಟು ಜನ ಇರುತ್ತಾರೆ, ನಿಮ್ಮಲ್ಲೂ ಕೆಲವರು ಇರಬಹುದು. ಅವರ ನಡುವೆ ‘ಇದನ್ನು ಇನ್ನೂ ಪರೀಕ್ಷಿಸಿಲ್ಲ’ ಅಂತ ಬರೆಯುವವರು ಒಬ್ಬರಿರಲಿ, ಬರೆದ ಮೇಲೂ ಅವರ ಕೆಲಸ ಉಳಿಯಲಿ. ಅಮೃತಸರದಲ್ಲಿ ಮೆಟ್ಟಿಲ ಕೆಳಗೆ ಮಲಗಿದ್ದ ಮಗುವಿಗೆ ಬಾಣ ತಡೆಯುವ ಗುರಾಣಿ ಎಷ್ಟು ಬೇಕೋ, ಆ ಗುರಾಣಿ ಎಲ್ಲಿ ತೂತಾಗಿದೆ ಅಂತ ಹೇಳುವವರೂ ಅಷ್ಟೇ ಬೇಕು.